ಗಂಟೆಗೆ ಎಷ್ಟು ಕೂಲಿ?
(ಜುಮಾ ಖುತುಬಾದ ಸಾರಾಂಶ)



ನಿಕಾಹ್ ಮಾತುಕತೆಯಲ್ಲಿ ನಾವು ಹುಡುಗನಿಗೆ ತಿಂಗಳಿಗೆ ಎಷ್ಟು ಬರುತ್ತದೆಂದು ಕೇಳುತ್ತೇವೆ. ಅದಕ್ಕಾಗಿ ಎಷ್ಟು ಗಂಟೆ ದುಡಿಯುತ್ತಾನೆಂದು ಕೇಳುವವರು ಕಡಿಮೆ. ಆದರೆ ಕೂಲಿಯಲ್ಲಿ ನ್ಯಾಯವಿದೆಯೋ ಇಲ್ಲವೋ ತಿಳಿಯುವುದು ಗಂಟೆಯ ಲೆಕ್ಕದಿಂದಲೇ.

ನಮ್ಮ ಚಾಮರಾಜನಗರದ ಕಡೆ ಕರಿಕಲ್ಲು ಕೊಯ್ದು ಪಾಲಿಶ್ ಮಾಡುವ ಕೆಲಸವಿದೆ. ಲೆಕ್ಕಕ್ಕೆಂದು ಒಬ್ಬ ಕಾರ್ಮಿಕನ ಸಂಬಳ 12,000 ರೂ. ಎನ್ನೋಣ. 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆ. ಗಂಟೆಗೆ ಸುಮಾರು 58 ರೂ. ಅದೇ ಸಂಬಳಕ್ಕೆ ದಿನಕ್ಕೆ 10 ಗಂಟೆ ದುಡಿಸಿದರೆ ಅದು 46ಕ್ಕೆ ಇಳಿಯುತ್ತದೆ. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ಕೊಡಬೇಕೆಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಇರುವ ನಿಯಮ. ಆ ಪ್ರಕಾರ ಹೆಚ್ಚುವರಿ 52 ಗಂಟೆಗೆ 6,000 ರೂ. ಸೇರಬೇಕು. ಸೇರದಿದ್ದರೂ ಅವನಿಗೆ ಗೊತ್ತಾಗುವುದಿಲ್ಲ. ಕೈಗೆ ಬಂದ 12,000 ಸರಿಯಾಗಿಯೇ ಇದೆಯಲ್ಲ!

ಇನ್ನು ಓದಿದವರ ಕಡೆ ಬರೋಣ. ಗುಂಡ್ಲುಪೇಟೆ, ಚಾಮರಾಜನಗರದಂಥ ಊರುಗಳ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ 2022ರಲ್ಲಿ ಸರ್ಕಾರ ವಾರಕ್ಕೆ 15 ಗಂಟೆಯ ಪಾಠಕ್ಕೆ ತಿಂಗಳಿಗೆ ಗರಿಷ್ಠ 32,000 ರೂ. ನಿಗದಿ ಮಾಡಿತು. ಗಂಟೆಗೆ ಸುಮಾರು 490 ರೂ., ಕಾರ್ಮಿಕನ ಎಂಟು ಪಟ್ಟಿಗೂ ಹೆಚ್ಚು. ಆದರೆ ಪಾಠದ ತಯಾರಿ, ಪಿಎಚ್.ಡಿ.ಗೆ ಕಳೆದ ವರ್ಷಗಳು ಈ ಲೆಕ್ಕದಲ್ಲಿಲ್ಲ. ತರಗತಿ ಇಲ್ಲದ ತಿಂಗಳಲ್ಲಿ ವೇತನವೂ ಇಲ್ಲ. ಕಲಿತವರಿಗೆ ಹೆಚ್ಚು ಸಿಗುವುದಕ್ಕೆ ನಮ್ಮ ತಕರಾರಿಲ್ಲ, ಸಿಗಲೇಬೇಕು. ಓದಿದವರ ಪಾಡೇ ಇಷ್ಟು, ಮಗನನ್ನು ಈಗಲೇ ಕೆಲಸಕ್ಕೆ ಹಾಕೋಣ ಎನ್ನುವ ತಂದೆಯರು ಮಾತ್ರ ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಕಲ್ಲಿನ ದೂಳು ಕುಡಿದ ಎದೆ ನಲವತ್ತೈದರ ವಯಸ್ಸಿನಲ್ಲಿ ದಿನಕ್ಕೆ ಎಷ್ಟು ಗಂಟೆ ದುಡಿಯಬಲ್ಲದು?

ಕಿಯಾಮತ್ ದಿನ ಅಲ್ಲಾಹನೇ ಎದುರಾಳಿಯಾಗಿ ನಿಲ್ಲುವ ಮೂವರಲ್ಲಿ, ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನೂ ಒಬ್ಬನೆಂದು ಬುಖಾರಿಯ ಹದೀಸ್ ತಿಳಿಸುತ್ತದೆ. ಎರಡು ಗಂಟೆಯ ಕೂಲಿ ಉಳಿಸಿಕೊಂಡವನು ಆ ಸಾಲಿಗೆ ಸೇರುವುದಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಕಾರ್ಖಾನೆಯ ಮಾಲಕರಷ್ಟೇ ಅಲ್ಲ, ಅಂಗಡಿ, ಗ್ಯಾರೇಜು, ಹೋಟೆಲು ನಡೆಸುವ ನಾವೂ ಹುಡುಗರ ಗಂಟೆಗಳನ್ನು ಬರೆದಿಡೋಣ.

ಫಜ್ರ್‌ಗೆ ಮೊದಲೇ ಎದ್ದು ಇಶಾದ ನಂತರ ಬಾಗಿಲು ಹಾಕುವ ಮುಅಝ್ಝಿನರ ಗಂಟೆಗಳನ್ನೂ ಎಣಿಸಬೇಕು. ಮುಂದಿನ ಜಮಾಅತ್ ಸಭೆಯಲ್ಲಿ ಮೊದಲು ಆ ಲೆಕ್ಕ ತೆಗೆಯೋಣ.