ಮಾತು ಬಾರದ ಮಗುವಿಗೆ ಕಾಯುವ ಕಾಲವಿಲ್ಲ

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸುಗಳ ಮಾತಾಡುವ ಈ ವೇದಿಕೆಯಲ್ಲಿ ಇಂದು ಎಳೆಯ ಮಕ್ಕಳ ಮಾತಿನ ವಿಷಯ ಎತ್ತುತ್ತೇನೆ. ಇದೂ ಕೂಲಿಯ ಪ್ರಶ್ನೆಯೇ.

ವರ್ಷ ತುಂಬುವ ಹೊತ್ತಿಗೆ ಮಗು ಒಂದೆರಡು ಪದ ಆಡುತ್ತದೆ. ಹೆಸರು ಕರೆದರೆ ತಿರುಗುತ್ತದೆ. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಕೊಡು’ ಎಂದು ಪದ ಜೋಡಿಸುತ್ತದೆ. ಇದು ಕಾಣದಿದ್ದಾಗ ನಾವೇನು ಮಾಡುತ್ತೇವೆ? ಬಜೆ ತೇಯ್ದು ನೆಕ್ಕಿಸುತ್ತೇವೆ, ಹರಕೆ ಹೊರುತ್ತೇವೆ. “ಇವರಪ್ಪನೂ ತಡವಾಗಿಯೇ ಮಾತಾಡಿದ್ದು” ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಕೆಲವು ಮಕ್ಕಳು ತಾವಾಗಿ ಮಾತು ಕಲಿಯುವುದು ನಿಜ. ಆದರೆ ಯಾವ ಮಗು ಕಲಿತೀತೆಂದು ಮೊದಲೇ ಹೇಳಲಾಗದು. ಕಿವಿ ಕೇಳಿಸದೆ ಇರಬಹುದು, ಆಟಿಸಂ ಇರಬಹುದು. ಆದುದರಿಂದ ಮೊದಲು ಕಿವಿ ಪರೀಕ್ಷೆ ಮಾಡಿಸಿರಿ.

ಮೊದಲ ಮೂರು ವರ್ಷ ಮಿದುಳು ಮಾತನ್ನು ಬೇಗ ಹಿಡಿಯುವ ಕಾಲ. ಹದ ಮೀರಿ ಬಿತ್ತಿದರೆ ದುಡಿಮೆ ಇಮ್ಮಡಿ, ಫಲ ಕಡಿಮೆ.

ಈ ಚಿಕಿತ್ಸೆಗೆ ಸೂಜಿ, ಗುಳಿಗೆ ಬೇಡ. ಮಗು ನೋಡುವ ವಸ್ತುವಿನ ಹೆಸರು ಹೇಳುವುದು, ಅದು ಕೈಚಾಚಿದಾಗ ತುಸು ಕಾದು ‘ಬೇಕು’ ಎಂಬ ಮಾತು ಕಲಿಸುವುದು, ಹೀಗೆ ದಿನಕ್ಕೆ ಹತ್ತಾರು ಸಲ, ತಿಂಗಳುಗಟ್ಟಲೆ. ತಜ್ಞರು ದಾರಿ ತೋರಿಸುತ್ತಾರೆ, ಮನೆಯವರು ನಡೆಸಬೇಕು.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸ ಮಾಡುತ್ತಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾತು ಮತ್ತು ಭಾಷೆಯ ತೊಂದರೆಯನ್ನೂ 21 ಅಂಗವೈಕಲ್ಯಗಳಲ್ಲಿ ಸೇರಿಸಿದೆ.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಆದರೆ ವಾರಕ್ಕೆ ಎರಡು ದಿನ ಮಗುವನ್ನೆತ್ತಿಕೊಂಡು ಜಿಲ್ಲಾ ಆಸ್ಪತ್ರೆಗೆ ಅಲೆಯುವ ತಾಯಿಗೆ ಎರಡು ದಿನದ ಕೂಲಿ ಹೋಗುತ್ತದೆ. ಸಣ್ಣ ಅಂಗಡಿಯವನು ಬಾಗಿಲು ಹಾಕಬೇಕಾಗುತ್ತದೆ. ಕೆಲವು ತಿಂಗಳಲ್ಲಿ ಚಿಕಿತ್ಸೆ ನಿಲ್ಲುತ್ತದೆ. ಆಗ ದೊಡ್ಡವರು “ಇವರಿಗೆ ಮಕ್ಕಳ ಮೇಲೆ ಅಸಡ್ಡೆ” ಎನ್ನುತ್ತಾರೆ! ಬಡತನಕ್ಕೆ ಅಸಡ್ಡೆಯೆಂದು ಹೆಸರಿಡುವುದು ಅನ್ಯಾಯ.

ನಮ್ಮ ಬೇಡಿಕೆ ಮೂರು: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾಕ್ ತಜ್ಞರು ಇರಬೇಕು, ಚಿಕಿತ್ಸೆಯ ದಿನಕ್ಕೆ ಕೂಲಿಸಹಿತ ರಜೆ ಬೇಕು, ಬಸ್ಸಿನ ಖರ್ಚನ್ನು ಸರ್ಕಾರ ಕೊಡಬೇಕು. ನಾಳೆಯೇ ನಿಮ್ಮ ಕೇರಿಯ ಅಂಗನವಾಡಿಗೆ ಹೋಗಿ, ವೈದ್ಯರ ತಂಡ ಕೊನೆಯ ಸಲ ಎಂದು ಬಂದಿತ್ತೆಂದು ಕೇಳಿ, ಬರೆದು ತನ್ನಿರಿ. ಆ ಲೆಕ್ಕ ಹಿಡಿದು ಒಟ್ಟಾಗಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ.

ಮಾತು ಬಲ್ಲ ನಾವು ಬಾಯಿ ಮುಚ್ಚಿ ಕುಳಿತರೆ, ಮಾತು ಬಾರದ ಕೂಸಿನ ಪರವಾಗಿ ಕೇಳುವವರಾರು?