ಪಾಠ ಹೇಳುವವರನ್ನು ಅರಸಿ

33 ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನಾನು, ಪಾಠ ಹೇಳುವವರನ್ನು ಅರಸಿ ಬೀದಿಬೀದಿ ಅಲೆದದ್ದು ಮೊಮ್ಮಗಳಿಗೆ ವೈದ್ಯೆಯಾಗುವ ಹಂಬಲ ಹುಟ್ಟಿದ ಮೇಲೆ. ಅದಕ್ಕೆ ಈಗ ನೀಟ್ ಪರೀಕ್ಷೆಯನ್ನು ದಾಟಬೇಕು. 2025ರಲ್ಲಿ ಅದರಲ್ಲಿ ಇದ್ದುದು 180 ಪ್ರಶ್ನೆ, 180 ನಿಮಿಷ. ಸರಿಯುತ್ತರಕ್ಕೆ 4 ಅಂಕ. ತಪ್ಪಿದರೆ ಗಳಿಸಿದ್ದರಲ್ಲಿ 1 ಕಳೆಯುವುದು. ‘ಏನಾದರೂ ಬರೆಯಬಾರದಿತ್ತೆ?’ ಎಂದು ವಿದ್ಯಾರ್ಥಿಗಳನ್ನು ಗದರಿಸುತ್ತಿದ್ದ ನನಗೆ ಈ ಲೆಕ್ಕಾಚಾರ ವಿಚಿತ್ರವೆನಿಸಿತು.

ಮೊದಲು ನಾನು ಮರುಳಾದದ್ದು ಒಂದು ಕೋಚಿಂಗ್ ಕೇಂದ್ರದ ಫಲಕಕ್ಕೆ. ಪಾಠ ಹೇಳುವವರು ಯಾರೆಂದು ಕೇಳಿದೆ. ವ್ಯವಸ್ಥಾಪಕರು ಶುಲ್ಕದ ಕಂತುಗಳನ್ನು ವಿವರಿಸಿದರು. ಅಲ್ಲಿಯೇ ಹಿಂದಿರುಗಬೇಕಿತ್ತು, ಹಣ ಕಟ್ಟಿಬಂದೆ. ಎರಡು ತಿಂಗಳಲ್ಲಿ ಹುಡುಗಿ ಊಟದ ಹೊತ್ತಿನಲ್ಲಿಯೂ ಮಾತು ಬಿಟ್ಟಳು.

ಕೊನೆಗೆ ಸಿಕ್ಕಿದವರು ನಮ್ಮ ಹಿಂದಿನ ಬೀದಿಯ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ. ಅವರು ಅಂಕಪಟ್ಟಿ ಕೇಳಲಿಲ್ಲ. ಅಭ್ಯಾಸ ಪರೀಕ್ಷೆಯೊಂದರ ಪತ್ರಿಕೆ ತರಿಸಿ, ತಪ್ಪಾದ ಉತ್ತರದ ಮೇಲೆ ಬೆರಳಿಟ್ಟು, ‘ಇದನ್ನೇಕೆ ಆರಿಸಿದೆ, ಹೇಳು ಮಗೂ’ ಎಂದರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವಳು ಇಂಗ್ಲಿಷಿನಲ್ಲಿ ತಡವರಿಸಿದಳು. ‘ಕನ್ನಡದಲ್ಲೇ ಹೇಳಮ್ಮ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬಂದಿದೆಯಲ್ಲ!’ ಆಗ ಹೊರಬಂತು: ಮೇಲಕ್ಕೆಸೆದ ಚೆಂಡಿನ ವೇಗ ತುತ್ತತುದಿಯಲ್ಲಿ ಸೊನ್ನೆಯಾದಾಗ ವೇಗೋತ್ಕರ್ಷವೂ ಸೊನ್ನೆಯೆಂದು ಅವಳು ನಂಬಿದ್ದಳು. ಗುರುತ್ವ ಅಲ್ಲಿಯೂ ಎಳೆಯುತ್ತಲೇ ಇರುತ್ತದೆಂದು ಹೇಳಲು ಅವರಿಗೆ ಹತ್ತು ನಿಮಿಷ ಸಾಕಾಯಿತು. ಅವಳ ತಪ್ಪನ್ನು ಅದುವರೆಗೆ ಯಾರೂ ಕೇಳಿಯೇ ಇರಲಿಲ್ಲ. ಮನೆಯಲ್ಲಿದ್ದ ಮೇಷ್ಟರಾದ ನಾನೂ ಕೇಳಿರಲಿಲ್ಲ.

ಈಗ ವಾರಕ್ಕೆ ಮೂರು ಸಂಜೆ ಹೋಗುತ್ತಾಳೆ. ಪರೀಕ್ಷೆ ಇನ್ನೂ ಮುಂದಿದೆ. ನಿನ್ನೆ ಊಟಕ್ಕೆ ಕುಳಿತಾಗ ಘರ್ಷಣೆಯ ವಿಷಯ ಎತ್ತಿದವಳು, ಮಜ್ಜಿಗೆಯನ್ನದವರೆಗೂ ನಿಲ್ಲಿಸಲಿಲ್ಲ.