ವಿಶ್ವವಿದ್ಯಾನಿಲಯದ ಲೆಕ್ಕವನ್ನು ಯಾರು ಕೇಳಬೇಕು?

(ಮೈಸೂರಿನಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ಏನೆಂದು ತಿಳಿದಾಗ ನಮ್ಮವರೇ ಕೆಲವರು ನಕ್ಕರು. "ಏನು ಮೇಷ್ಟ್ರೇ, ಬೋನಸ್ಸಿನ ಮಾತು ಬಿಟ್ಟು ಕುಲಪತಿಗಳ ಸಂಬಳದ ಮಾತು ಹಿಡಿದಿದ್ದೀರಿ? ಕ್ರಾಫರ್ಡ್ ಹಾಲಿಗೂ ನಮಗೂ ಏನು ಸಂಬಂಧ?" ಎಂದರು. ಕೇಳಿದ್ದು ನ್ಯಾಯವಾಗಿಯೇ ಇದೆ. ನಮ್ಮ ಓದು ಮೆಟ್ರಿಕ್ಕಿಗೆ ನಿಂತಿತು; ಆ ಕಟ್ಟಡದ ಮೆಟ್ಟಿಲನ್ನು ನಾವು ವಿದ್ಯಾರ್ಥಿಯಾಗಿ ಹತ್ತಿದವರಲ್ಲ. ಆದರೂ ಅದು ನಮ್ಮ ಮನೆ. ತನ್ನ ಮನೆಯ ಖರ್ಚನ್ನು ಕೇಳುವುದಕ್ಕೆ ಯಾರಿಗೂ ಡಿಗ್ರಿ ಬೇಕಾಗಿಲ್ಲ.

ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಇಸವಿ ಜುಲೈ 27ರಂದು ಹುಟ್ಟಿತು. ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ವಿಶ್ವೇಶ್ವರಯ್ಯನವರು, ಮೊದಲ ಕುಲಪತಿಗಳು ಎಚ್. ವಿ. ನಂಜುಂಡಯ್ಯನವರು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಈ ದೇಶದಲ್ಲಿ ಎದ್ದು ನಿಂತ ಮೊದಲ ವಿಶ್ವವಿದ್ಯಾನಿಲಯ ಇದು. ಆ ಹಿರಿಯರನ್ನು ಗೌರವದಿಂದಲೇ ನೆನೆಯೋಣ. ಆದರೆ ಹಣ ಎಲ್ಲಿಂದ ಬಂತು? ಸಂಸ್ಥಾನದ ಬೊಕ್ಕಸದಿಂದ. ಬೊಕ್ಕಸಕ್ಕೆ ಎಲ್ಲಿಂದ ಬಂತು? ರೈತನ ಕಂದಾಯದಿಂದ, ವರ್ತಕನ ಸುಂಕದಿಂದ. ಇಂದಿಗೂ ಅದೇ ಕಥೆ. ಸಂತೇಪೇಟೆಯ ಅಂಗಡಿಯಲ್ಲಿ ಒಂದು ಸೋಪು ಕೊಂಡರೆ ಅದರಲ್ಲಿಯೂ ತೆರಿಗೆಯುಂಟು. ಆ ತೆರಿಗೆಯ ಒಂದು ಪಾಲು ಮಾನಸ ಗಂಗೋತ್ರಿಗೂ ಹೋಗುತ್ತದೆ. ಮಕ್ಕಳ ಫೀಸು, ಪರೀಕ್ಷೆಯ ಶುಲ್ಕ, ಅಂಕಪಟ್ಟಿಯ ಶುಲ್ಕ ಎಲ್ಲವೂ ಇದರ ಮೇಲೆ ಬೇರೆ.

ಹಣ ಕೊಡುವವರು ನಾವು. ಲೆಕ್ಕ ನೋಡುವವರು ಯಾರು? ಇವತ್ತಿನ ಮಾತು ಇಷ್ಟೇ.

ಮೊದಲು ಸಂಬಳದ ವಿಷಯ. 2018ರ ಯು.ಜಿ.ಸಿ. ನಿಯಮಗಳಂತೆ ಕುಲಪತಿಗಳ ಮೂಲ ಸಂಬಳ ತಿಂಗಳಿಗೆ 2,10,000 ರೂಪಾಯಿ, ವಿಶೇಷ ಭತ್ಯೆ 11,250 ರೂಪಾಯಿ. ಹೊಸದಾಗಿ ಕೆಲಸಕ್ಕೆ ಸೇರುವ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ಸಂಬಳ 57,700 ರೂಪಾಯಿ. ಇವೆಲ್ಲ ಅಚ್ಚಾಗಿರುವ ಅಂಕಿಗಳು, ಮುಚ್ಚುಮರೆ ಇಲ್ಲ. ಇನ್ನು ಅತಿಥಿ ಉಪನ್ಯಾಸಕರ ಕಡೆಗೆ ನೋಡಿರಿ. "ಅತಿಥಿ" ಎಂಬ ಹೆಸರೇನೋ ಸೊಗಸಾಗಿದೆ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪೂರ್ಣ ಅರ್ಹತೆಯುಳ್ಳ ಅತಿಥಿ ಉಪನ್ಯಾಸಕರಿಗೆ 2021ರ ಕೊನೆಯವರೆಗೆ ತಿಂಗಳಿಗೆ 13,000 ರೂಪಾಯಿ, ಆ ಅರ್ಹತೆ ಇಲ್ಲದವರಿಗೆ 11,000 ರೂಪಾಯಿ. ಅವರು ತರಗತಿ ಬಿಟ್ಟು ಬೀದಿಗಿಳಿದು ಮುಷ್ಕರ ಹೂಡಿದ ಮೇಲೆ, 2022ರ ಜನವರಿಯಲ್ಲಿ, ಅರ್ಹತೆಯೂ ಐದು ವರ್ಷದ ಸೇವೆಯೂ ಉಳ್ಳವರಿಗೆ ಅದು 32,000 ರೂಪಾಯಿಯಾಯಿತು. ಮುಷ್ಕರವಿಲ್ಲದೆ ಯಾವ ಕೂಲಿಯೂ ಏರುವುದಿಲ್ಲ ಎಂಬುದು ಮಿಲ್ಲಿನಲ್ಲಿ ಮಾತ್ರವಲ್ಲ, ಕಾಲೇಜಿನಲ್ಲಿಯೂ ನಿಜ.

13,000ಕ್ಕೂ 2,10,000ಕ್ಕೂ ಹದಿನಾರು ಪಟ್ಟು ಅಂತರ. ಅತಿ ಕಡಿಮೆ ವರಮಾನಕ್ಕೂ ಅತಿ ಹೆಚ್ಚಿನ ವರಮಾನಕ್ಕೂ ಒಂದಕ್ಕೆ ಹತ್ತಕ್ಕಿಂತ ಹೆಚ್ಚು ಅಂತರ ಕೂಡದೆಂದು ಡಾಕ್ಟರ್ ಲೋಹಿಯಾ ಹೇಳುತ್ತಿದ್ದರು. 1963ರಲ್ಲಿ ಲೋಕಸಭೆಯಲ್ಲಿ ಅವರು ಪ್ರಧಾನಿಯ ಮೇಲೆ ದಿನಕ್ಕೆ ಆಗುವ ಖರ್ಚನ್ನೂ ಬಡವನ ದಿನದ ಮೂರಾಣೆಯನ್ನೂ ಎದುರೆದುರಿಗೆ ಇಟ್ಟಾಗ ದೊಡ್ಡವರಿಗೆಲ್ಲ ಸಿಟ್ಟು ಬಂದಿತು. ಅದು ಹೊಟ್ಟೆಕಿಚ್ಚಿನ ಪ್ರಶ್ನೆಯಾಗಿರಲಿಲ್ಲ, ಲೆಕ್ಕದ ಪ್ರಶ್ನೆಯಾಗಿತ್ತು. ನಮ್ಮದೂ ಹಾಗೆಯೇ. ವಿದ್ವಾಂಸರಿಗೆ ಒಳ್ಳೆಯ ಸಂಬಳ ಸಲ್ಲಲಿ. ಆದರೆ ಅದೇ ತರಗತಿಯಲ್ಲಿ ಅದೇ ಪಾಠ ಹೇಳುವ ಇನ್ನೊಬ್ಬನಿಗೆ ಹೊಟ್ಟೆಗೆ ಸಾಲದಷ್ಟು ಕೊಡುವುದನ್ನು ನಾವು ಒಪ್ಪಲಾರೆವು.

ಆದರೂ, ಸಂಗಾತಿಗಳೇ, ಒಂದು ಮಾತನ್ನು ನಿಮ್ಮ ಮುಂದೆ ಇಡಬೇಕು. ನಮ್ಮ ಸಿಟ್ಟೆಲ್ಲ ಆ ಎರಡು ಲಕ್ಷದ ಮೇಲೆಯೇ ಖರ್ಚಾಗಿಹೋದರೆ ನಾವು ಮೋಸಹೋದಂತೆ. ಆ ಸಂಬಳ ನಿಯಮದಲ್ಲಿ ಬರೆದದ್ದು. ಕುಲಪತಿಗಳು ತಾವಾಗಿಯೇ ಅದಕ್ಕೆ ಒಂದು ಕಾಸು ಸೇರಿಸಿಕೊಳ್ಳಲಾರರು. ಕೋಟಿಗಟ್ಟಲೆ ಹಣದ ತೀರ್ಮಾನ ಆಗುವುದು ಬೇರೆ ಕಡೆ, ಆಡಳಿತ ಮಂಡಳಿಯ ಮೇಜಿನ ಮೇಲೆ. ಯಾವ ಕಟ್ಟಡ ಕಟ್ಟಬೇಕು, ಯಾರಿಗೆ ಕಂಟ್ರಾಕ್ಟು, ಯಾವ ಕಾಲೇಜಿಗೆ ಮಾನ್ಯತೆ, ಎಷ್ಟು ಹುದ್ದೆ ತುಂಬಬೇಕು, ಎಷ್ಟನ್ನು ಖಾಲಿ ಬಿಟ್ಟು ಅತಿಥಿಗಳಿಂದ ದಿನ ತಳ್ಳಬೇಕು ಎಂಬ ಪ್ರಶ್ನೆಗಳೆಲ್ಲ ಬರುವುದು ಆ ಮೇಜಿಗೆ.

ಇಂಗ್ಲೆಂಡಿನ ಒಂದು ನಿದರ್ಶನ ಹೇಳುತ್ತೇವೆ. ಅಲ್ಲಿ ಸಂಬಳವನ್ನೇ ಮಂಡಳಿಯವರು ನಿರ್ಧರಿಸುತ್ತಾರೆ. ಬಾತ್ ಎಂಬ ಊರಿನ ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರ ಸಂಬಳ 2017ರಲ್ಲಿ ವರ್ಷಕ್ಕೆ 4 ಲಕ್ಷ 68 ಸಾವಿರ ಪೌಂಡಿಗೆ ಮುಟ್ಟಿತು. ಇದು ಆ ದೇಶದ ಪ್ರಧಾನಿಯ ಸಂಬಳದ ಮೂರು ಪಟ್ಟು. ಸಂಬಳ ನಿರ್ಧರಿಸುವ ಕಮಿಟಿಯಲ್ಲಿ ಆಕೆಯೂ ಒಬ್ಬ ಸದಸ್ಯೆ. ಅಲ್ಲಿನ ದೊಡ್ಡ ಸಭೆಯಲ್ಲಿ ಆ ಕಮಿಟಿಯನ್ನು ಟೀಕಿಸುವ ನಿರ್ಣಯ ಬಂದಾಗ ಆಕೆಯೂ ವೋಟು ಹಾಕಿದರು. ನಿರ್ಣಯ ಮೂರೇ ವೋಟಿನಿಂದ ಬಿದ್ದುಹೋಯಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಸುಮ್ಮನಾಗಲಿಲ್ಲ. ಸರ್ಕಾರದ ಅನುದಾನ ಮಂಡಳಿ ತನಿಖೆ ನಡೆಸಿ ಆ ನಡವಳಿಕೆಯನ್ನು ಖಂಡಿಸಿತು. ಅದೇ ವರ್ಷ ನವೆಂಬರಿನಲ್ಲಿ ಆಕೆ ಸ್ಥಾನ ಬಿಡುವುದಾಗಿ ಪ್ರಕಟಿಸಿದರು. ನಮ್ಮ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಮಾಸ್ತನ ಕೈಗೆ ಗಲ್ಲಾಪೆಟ್ಟಿಗೆಯ ಕೀಲಿ ಕೊಡಬಹುದು; ಆದರೆ ತನ್ನ ಸಂಬಳವನ್ನು ಅವನೇ ಬರೆದು, ಲೆಕ್ಕಕ್ಕೆ ರುಜುವನ್ನೂ ಅವನೇ ಹಾಕುವಂತೆ ಯಾರೂ ಬಿಡುವುದಿಲ್ಲ.

ಇನ್ನು ನಮ್ಮ ಮನೆಗೆ ಬರೋಣ. ಮೈಸೂರು ವಿಶ್ವವಿದ್ಯಾನಿಲಯ ನಡೆಯುವುದು 2000ನೆಯ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯಿದೆಯಂತೆ. ಆಡಳಿತ ಮಂಡಳಿಗೆ ಸಿಂಡಿಕೇಟು ಎಂದು ಹೆಸರು. ಅದರ ಅಧ್ಯಕ್ಷರು ಕುಲಪತಿಗಳೇ. ಉಳಿದ ಕುರ್ಚಿಗಳಲ್ಲಿ ಸರ್ಕಾರ ನಾಮಕರಣ ಮಾಡಿದವರು, ಕುಲಾಧಿಪತಿಗಳಾದ ರಾಜ್ಯಪಾಲರು ನಾಮಕರಣ ಮಾಡಿದವರು, ಸರದಿಯ ಮೇಲೆ ಬರುವ ಡೀನರು ಮತ್ತು ಪ್ರಿನ್ಸಿಪಾಲರು, ಇಲಾಖೆಯ ಅಧಿಕಾರಿಗಳು. ಸರ್ಕಾರದ ನಾಮಕರಣದಲ್ಲಿ ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಮಹಿಳೆಯರಿಗೆ ಜಾಗ ಇಟ್ಟಿರುವುದು ಒಳ್ಳೆಯದೇ. ಆದರೆ ಜಾಗ ಕೊಡುವ ಕೈ ಮಂತ್ರಿಗಳದು. ಕೊಟ್ಟ ಕೈಯನ್ನು ನೋಡಿಯೇ ಮಾತನಾಡುವವರು ಲೆಕ್ಕ ಕೇಳುವುದುಂಟೆ? 1976ರ ಹಳೆಯ ಕಾಯಿದೆಯಲ್ಲಿ ಸಿಂಡಿಕೇಟಿನ ಜೊತೆಗೆ ಸೆನೆಟ್ ಎಂಬ ದೊಡ್ಡ ಸಭೆಯೊಂದು ಇತ್ತು. 2000ದ ಕಾಯಿದೆ ಅದನ್ನು ಕೈಬಿಟ್ಟಿತು. ಸೆನೆಟ್ಟಿನಲ್ಲಿ ಗಲಾಟೆ ಇತ್ತು, ರಾಜಕೀಯ ಇತ್ತು, ಒಪ್ಪೋಣ. ಆದರೆ ಗಲಾಟೆಯನ್ನು ತೆಗೆಯುವ ನೆಪದಲ್ಲಿ ಪ್ರಶ್ನೆ ಕೇಳುವ ಜಾಗವನ್ನೇ ತೆಗೆದುಬಿಟ್ಟರು.

ಕುಲಪತಿಗಳ ನೇಮಕದ ರೀತಿಯನ್ನೂ ನೋಡಿರಿ. ಆ ಕಾಯಿದೆಯಂತೆ ಶೋಧನಾ ಸಮಿತಿಗೆ ನಾಲ್ಕು ಕಡೆಯಿಂದ ನಾಲ್ಕು ಹೆಸರು: ಕುಲಾಧಿಪತಿಗಳದೊಂದು, ಯು.ಜಿ.ಸಿ.ಯದೊಂದು, ಸರ್ಕಾರದ್ದೊಂದು, ಸಿಂಡಿಕೇಟಿನದೊಂದು. ಸಮಿತಿಯವರು ಮೂರು ಹೆಸರಿನ ಪಟ್ಟಿ ಕೊಡುತ್ತಾರೆ. ಸರ್ಕಾರದ ಸಮ್ಮತಿಯೊಡನೆ ಕುಲಾಧಿಪತಿಗಳು ಒಬ್ಬರನ್ನು ನೇಮಿಸುತ್ತಾರೆ. ಹೀಗೆ ಸರ್ಕಾರ ಹೆಸರಿಸಿದವರು ಕೂರುವ ಸಿಂಡಿಕೇಟು ಸಮಿತಿಗೊಂದು ಹೆಸರು ಕೊಡುತ್ತದೆ. ಸಮಿತಿಯ ಪಟ್ಟಿಯಿಂದ ಬಂದ ಕುಲಪತಿಗಳು ಅದೇ ಸಿಂಡಿಕೇಟಿಗೆ ಅಧ್ಯಕ್ಷರಾಗುತ್ತಾರೆ. ಈ ಸುತ್ತಿನೊಳಗೆ ಫೀಸು ಕಟ್ಟುವವನಿಗೆ ಎಲ್ಲಿಯೂ ಬಾಗಿಲಿಲ್ಲ.

"ಬಾಗಿಲಿಲ್ಲದಿದ್ದರೆ ಏನು ನಷ್ಟ?" ಎನ್ನಬಹುದು. ನಷ್ಟ ಏನೆಂಬುದನ್ನು ಈ ಊರೇ ಕಂಡಿದೆ. ಹಗಲು ದುಡಿದು ರಾತ್ರಿ ಓದುವವರಿಗಾಗಿ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. 1996ರ ಜೂನ್ 1ರಂದು ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಕಾಲೇಜಿಗೆ ಹೋಗಲಾರದ ಕೆಲಸಗಾರನಿಗೆ, ಅಂಗಡಿ ಬಿಟ್ಟು ಬರಲಾರದವನಿಗೆ, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಗಳಿಗೆ ಇದೇ ವಿಶ್ವವಿದ್ಯಾನಿಲಯ. ಈ ಸಂಸ್ಥೆ ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಕೇಂದ್ರಗಳನ್ನು ತೆರೆಯಿತು. ಅನುಮತಿಯಿಲ್ಲದ ತಾಂತ್ರಿಕ ಕೋರ್ಸುಗಳನ್ನು ನಡೆಸಿತು. ಯು.ಜಿ.ಸಿ. 2015ರ ಜೂನ್‌ನಲ್ಲಿ ಪ್ರಕಟಣೆ ಹೊರಡಿಸಿ, 2012–13ರ ನಂತರ ಇದಕ್ಕೆ ಮಾನ್ಯತೆ ಇಲ್ಲವೆಂದು ಸಾರಿತು. ಮಾನ್ಯತೆ ಮರಳಿ ದೊರೆತದ್ದು 2018ರಲ್ಲಿ.

ಒಪ್ಪಂದಕ್ಕೆ ರುಜು ಹಾಕಿದವರು ಯಾರೋ. ಆಮೇಲೆ ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದವರು ವಿದ್ಯಾರ್ಥಿಗಳು. ಫೀಸು ಕಟ್ಟಿದ್ದು ನಿಜ, ಓದಿದ್ದು ನಿಜ, ಪರೀಕ್ಷೆ ಬರೆದದ್ದು ನಿಜ. ಆದರೆ ಕೈಗೆ ಬಂದ ಕಾಗದ ಕೆಲಸಕ್ಕೆ ನಡೆಯುತ್ತದೆಯೋ ಇಲ್ಲವೋ ಹೇಳುವವರಿರಲಿಲ್ಲ. ಆ ಒಪ್ಪಂದಗಳು ಮಂಡಳಿಯ ಮುಂದೆ ಬಂದ ದಿನವೇ ನಡಾವಳಿ ಪತ್ರಿಕೆಗಳಲ್ಲಿ ಅಚ್ಚಾಗಿದ್ದರೆ? "ಇದಕ್ಕೆ ಯು.ಜಿ.ಸಿ. ಅನುಮತಿ ಎಲ್ಲಿದೆ?" ಎಂದು ಕೇಳುವ ಒಬ್ಬ ವಿದ್ಯಾರ್ಥಿ, ಒಬ್ಬ ಪೋಷಕ ಆ ಮೇಜಿನ ಬಳಿ ಇದ್ದಿದ್ದರೆ? ಬಾಗಿಲು ಮುಚ್ಚಿದ ಕೋಣೆಯ ತಪ್ಪಿಗೆ ದಂಡ ತೆರುವವರು ಬಾಗಿಲಿನ ಹೊರಗಿರುವವರು.

ನಾವೂ ಇದನ್ನು ಸಣ್ಣ ಪ್ರಮಾಣದಲ್ಲಿ ಉಂಡವರು. ನಾವು ಮೇಷ್ಟರಾಗಿದ್ದ ಒಂದು ಶಾಲೆಯಲ್ಲಿ ಪುಸ್ತಕದಲ್ಲಿ ರುಜು ಹಾಕುತ್ತಿದ್ದ ಸಂಬಳ ಒಂದು, ಕೈಗೆ ಬರುತ್ತಿದ್ದ ಸಂಬಳ ಇನ್ನೊಂದು. ಕಮಿಟಿಯವರು ಸಜ್ಜನರೆಂದು ಊರಲ್ಲಿ ಹೆಸರಿತ್ತು. ಒಮ್ಮೆ ಲೆಕ್ಕ ಕೇಳಿದೆವು. ಮುಂದಿನ ಜೂನ್‌ನಲ್ಲಿ ನಮಗೆ ಕೆಲಸವಿರಲಿಲ್ಲ. ಒಬ್ಬನೇ ಕೇಳಿದರೆ ಕೆಲಸ ಹೋಗುತ್ತದೆ, ಹತ್ತು ಜನ ಸೇರಿ ಕೇಳಿದರೆ ಉತ್ತರ ಬರುತ್ತದೆ ಎಂಬುದನ್ನು ನಾವು ಕಲಿತದ್ದು ಅಲ್ಲಿ.

ಇದಕ್ಕೊಂದು ಆಕ್ಷೇಪಣೆ ಇದೆ. ಅದನ್ನು ತಳ್ಳಿಹಾಕುವುದು ಸರಿಯಲ್ಲ. "ವಿಶ್ವವಿದ್ಯಾನಿಲಯಕ್ಕೆ ಸ್ವಾಯತ್ತತೆ ಬೇಕು. ಬೀದಿಯ ಜನ ಒಳಗೆ ಬಂದರೆ ವಿದ್ಯೆ ಕೆಡುತ್ತದೆ" ಎನ್ನುವರು. ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದು ವಿದ್ವಾಂಸರ ಹಕ್ಕು. ಅದರಲ್ಲಿ ನಾವು ಕೈಹಾಕುವುದಿಲ್ಲ. 1956ರಿಂದ 1960ರವರೆಗೆ ಕುವೆಂಪು ಅವರು ಕುಲಪತಿಗಳಾಗಿದ್ದರು. ಮಾನಸ ಗಂಗೋತ್ರಿ ಎಂಬ ಹೆಸರು ಅವರು ಕೊಟ್ಟದ್ದು. ಅಂಥವರಿಗೆ ಯಾವ ಪಾಠ ನಡೆಯಬೇಕೆಂದು ಹೇಳಲು ನಾವು ಯಾರು? ಆದರೆ ಲೆಕ್ಕ ವಿದ್ಯೆಯ ಗುಟ್ಟಲ್ಲ. ಕಂಟ್ರಾಕ್ಟಿನ ಕಾಗದವನ್ನು ಮುಚ್ಚಿಡುವುದಕ್ಕೆ ಸ್ವಾಯತ್ತತೆ ಎಂಬ ಹೆಸರು ಸಲ್ಲದು.

ನಮ್ಮವರಿಗೂ ಒಂದು ಎಚ್ಚರಿಕೆ. ಈಗಿರುವ ನಾಮಕರಣದವರನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ನಮ್ಮ ಪಕ್ಷದ ನಾಮಕರಣದವರನ್ನು ಕೂರಿಸುವುದು ಸುಧಾರಣೆಯಲ್ಲ. ಅದು ಯಜಮಾನರ ಬದಲಾವಣೆ, ಅಷ್ಟೇ. ಆಸೆಯಿಂದ ಆ ಕುರ್ಚಿಯ ಕಡೆಗೆ ನೋಡುವವರು ನಮ್ಮಲ್ಲಿಯೂ ಇರಬಹುದು. ಅವರನ್ನೂ ಇದೇ ಪ್ರಶ್ನೆ ಕೇಳಬೇಕು.

ಹಾಗಾದರೆ ನಮ್ಮ ಬೇಡಿಕೆಯೇನು? ಒಂದು, ಸಿಂಡಿಕೇಟಿನಲ್ಲಿಯೂ ಮುಕ್ತ ವಿಶ್ವವಿದ್ಯಾನಿಲಯದ ವ್ಯವಸ್ಥಾಪನಾ ಮಂಡಳಿಯಲ್ಲಿಯೂ ಅಧ್ಯಾಪಕರು, ನೌಕರರು, ವಿದ್ಯಾರ್ಥಿಗಳು ತಾವೇ ಚುನಾಯಿಸಿದ ಪ್ರತಿನಿಧಿಗಳು ಇರಬೇಕು. ಎರಡು, ಪ್ರತಿ ಸಭೆಯ ನಡಾವಳಿ ಕನ್ನಡದಲ್ಲಿ ಅಚ್ಚಾಗಿ, ಕೇಳಿದವರಿಗೆಲ್ಲ ಸಿಗಬೇಕು. ಮೂರು, ಕುಲಪತಿಗಳ ಸಂಬಳದ ಪಕ್ಕದಲ್ಲಿಯೇ ಅವರ ಮನೆ, ಕಾರು, ಪ್ರಯಾಣದ ಖರ್ಚನ್ನೂ, ಅದರ ಪಕ್ಕದಲ್ಲಿ ಅತಿಥಿ ಉಪನ್ಯಾಸಕರ ಮತ್ತು ಕಸಗುಡಿಸುವವರ ಕೂಲಿಯನ್ನೂ ಪ್ರತಿ ವರ್ಷ ಪ್ರಕಟಿಸಬೇಕು. ನಾಲ್ಕು, ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗಳನ್ನು ಸಾರ್ವಜನಿಕರ ಮುಂದೆ ಓದಬೇಕು.

ಇದಕ್ಕೆಲ್ಲ ಹೊಸ ಕಾಯಿದೆ ಬರುವವರೆಗೆ ಕಾಯಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮನ್ನು ಓದಿರಿ. ಸಾರ್ವಜನಿಕ ಸಂಸ್ಥೆಯು ಯಾರೂ ಕೇಳದೆಯೇ ತಾನಾಗಿ ಪ್ರಕಟಿಸಬೇಕಾದ ವಿಷಯಗಳ ಪಟ್ಟಿ ಅಲ್ಲಿದೆ. ಪ್ರತಿಯೊಬ್ಬ ಅಧಿಕಾರಿಯ, ನೌಕರನ ಮಾಸಿಕ ಸಂಬಳ ಅದರಲ್ಲಿ ಸೇರಿದೆ. ಯಾವ ಯಾವ ಮಂಡಳಿ, ಸಮಿತಿಗಳಿವೆ, ಅವುಗಳ ಸಭೆಗೆ ಸಾರ್ವಜನಿಕರು ಹೋಗಬಹುದೇ, ನಡಾವಳಿ ಅವರಿಗೆ ಸಿಗುತ್ತದೆಯೇ ಎಂಬುದೂ ಸೇರಿದೆ. ಪ್ರಕಟಿಸದಿದ್ದರೆ ಅರ್ಜಿ ಹಾಕಬಹುದು. ಶುಲ್ಕ ಹತ್ತು ರೂಪಾಯಿ. ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರ ಮೂವತ್ತು ದಿನದೊಳಗೆ ಬರಬೇಕು.

ಆದುದರಿಂದ ಇವತ್ತು ಚಪ್ಪಾಳೆ ತಟ್ಟಿ ಎದ್ದುಹೋಗಬೇಡಿರಿ. ಮೇಜಿನ ಮೇಲೆ ಕಾಗದವಿದೆ, ಪೆನ್ನಿದೆ. ಕಳೆದ ಮೂರು ವರ್ಷದ ಸಿಂಡಿಕೇಟಿನ ನಡಾವಳಿ ಬೇಕೆಂದು ಒಂದು ಅರ್ಜಿ, ಅತಿಥಿ ಉಪನ್ಯಾಸಕರಿಗೆ ಕೊಟ್ಟ ಹಣದ ಲೆಕ್ಕ ಬೇಕೆಂದು ಇನ್ನೊಂದು, ಮುಕ್ತ ವಿಶ್ವವಿದ್ಯಾನಿಲಯದ ವ್ಯವಸ್ಥಾಪನಾ ಮಂಡಳಿಯ ನಡಾವಳಿಗೆ ಮತ್ತೊಂದು. ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ. ಮೇಷ್ಟರ ಕೆಲಸ ಹೋದರೂ ಅಕ್ಷರ ಹೋಗಿಲ್ಲ. ಉತ್ತರ ಬಂದ ಮೇಲೆ ಇದೇ ಜಾಗದಲ್ಲಿ ಸೇರಿ ಎಲ್ಲರೂ ಕೇಳುವಂತೆ ಓದೋಣ. ಬಾರದಿದ್ದರೆ ಮೇಲ್ಮನವಿ ಬರೆಯೋಣ.

ನಿಮ್ಮ ಮಗಳು ನಾಳೆ ಆ ವಿಶ್ವವಿದ್ಯಾನಿಲಯದ ಪದವಿಯನ್ನು ಕೈಯಲ್ಲಿ ಹಿಡಿದು ಕೆಲಸ ಕೇಳಲು ಹೋಗುತ್ತಾಳೆ. ಆ ಕಾಗದಕ್ಕೆ ಬೆಲೆ ಉಳಿಯಬೇಕಾದರೆ ಅದನ್ನು ಕೊಡುವವರ ಲೆಕ್ಕ ಶುದ್ಧವಾಗಿರಬೇಕು. ಅದನ್ನು ಕೇಳುವ ಹಕ್ಕು ನಮ್ಮದು, ಕೆಲಸವೂ ನಮ್ಮದು.